ಯಾರ ಕಣಜ ತುಂಬಿತು?

2009ರಲ್ಲಿ ಜಗತ್ತಿನ ಒಟ್ಟು ಉತ್ಪನ್ನವೇ ಕುಗ್ಗಿತು. ಭಾರತ ಮಾತ್ರ 2008-09ರಲ್ಲೂ ಶೇಕಡಾ 6.7ರಷ್ಟು ಬೆಳೆಯಿತು ಅಂತ ದಿಲ್ಲಿ ಆಗ ಡಂಗುರ ಸಾರಿತು. ಬೆಳೆದದ್ದು ಸುಳ್ಳೆಂದು ನಾವು ವಾದಿಸುವುದಿಲ್ಲ. ಯಾರ ಅಂಗಳದಲ್ಲಿ ಬೆಳೆಯಿತು, ಹೇಳ್ರಪ್ಪಾ, ಅಂತ ಕೇಳುತ್ತೇವೆ. ಅದೇ ಹೊತ್ತಿಗೆ ಸೂರತ್ತಿನ ವಜ್ರ ಉಜ್ಜುವವರು ಸಾವಿರಗಟ್ಟಲೆ ಕೆಲಸ ಕಳಕೊಂಡು ಸೌರಾಷ್ಟ್ರದ ಹಳ್ಳಿಗಳಿಗೆ ವಾಪಸಾದರು. 2009ರಲ್ಲಿ 17,368 ರೈತರು ಆತ್ಮಹತ್ಯೆ ಮಾಡಿಕೊಂಡರು. ಇದೂ ಸರ್ಕಾರದ್ದೇ ಲೆಕ್ಕ.

ಮಾರುಕಟ್ಟೆ ಮಕಾಡೆ ಬೀಳದಂತೆ ತಡೆದದ್ದರಲ್ಲಿ ಉದ್ಯೋಗ ಖಾತ್ರಿಯ ಕೂಲಿಯ ಪಾಲೂ ಇತ್ತು. ಕೆರೆಯ ಹೂಳು ಹೊತ್ತ ಹೆಂಗಸು ಆ ದುಡ್ಡಲ್ಲಿ ಸೋಪು, ಎಣ್ಣೆ ಕೊಂಡಳು, ಕಾರ್ಖಾನೆ ಓಡಿತು. ಅದನ್ನು ಪಂಡಿತರು ದಂಡದ ಖರ್ಚು ಅಂದರು. 2008ರ ಡಿಸೆಂಬರಿನಲ್ಲಿ ಉದ್ಯಮಿಗಳಿಗೆ ಅಬಕಾರಿ ಸುಂಕ ಇಳಿಸಿದ್ದು ಮಾತ್ರ 'ಉತ್ತೇಜನ'! ಕೂಲಿಯನ್ನು 15 ದಿನದೊಳಗೆ ಕೊಡಬೇಕೆಂದು ಕಾಯ್ದೆಯಿತ್ತು. ಎಷ್ಟೋ ಊರಲ್ಲಿ ತಿಂಗಳಾದರೂ ಬರಲಿಲ್ಲ.