ಮಗ್ಗದಾಗ ಕುಂತ ಅಪ್ಪ

ಇಳಕಲ್‌ನ ನೇಕಾರರ ಮನೆಯೊಂದರಲ್ಲಿ ಏಳನೇ ತರಗತಿಯ ಹುಡುಗಿ ತನ್ನ ಇಂಗ್ಲಿಷ್ ನೋಟ್‌ಬುಕ್ ತೋರಿಸಿದಳು. 'ಮೈ ಫಾದರ್ ಈಸ್ ಸಿಟ್ಟಿಂಗ್ ಇನ್ ದಿ ಲೂಮ್ ಫ್ರಮ್ ಮಾರ್ನಿಂಗ್.' ಇನ್, ಫ್ರಮ್ ಎರಡರ ಕೆಳಗೂ ಕೆಂಪು ಗೆರೆ. ಯಾಕೆ ತಪ್ಪು ಎಂದು ಎಲ್ಲೂ ಬರೆದಿರಲಿಲ್ಲ.

ಹುಡುಗಿಯ ಮನಸ್ಸಿನಲ್ಲಿದ್ದದ್ದು 'ಮುಂಜಾನಿಂದ ಅಪ್ಪ ಮಗ್ಗದಾಗ ಕುಂತಾನ' ಎಂಬ ಮಾತು. ಕುಣಿಮಗ್ಗದಲ್ಲಿ ನೇಕಾರನ ಕಾಲುಗಳು ಕುಣಿಯೊಳಗೇ ಇರುತ್ತವೆ. ಅವಳು ಕಂಡದ್ದನ್ನೇ ಬರೆದಿದ್ದಾಳೆ.

ನಮ್ಮ ಬಾಗಲಕೋಟೆ, ಹುನಗುಂದದ ಕಡೆ ನಾವೆಲ್ಲ ಪ್ರಿಪೊಸಿಷನ್ ಕಲಿತದ್ದು ಪಟ್ಟಿ ಉರುಹೊಡೆದು: ಇನ್ ಅಂದರೆ ಒಳಗೆ, ಆನ್ ಅಂದರೆ ಮೇಲೆ, ಫ್ರಮ್ ಅಂದರೆ ಇಂದ. ಮೇಜಿನ ಮೇಲಿನ ಪುಸ್ತಕಕ್ಕೆ ಈ ಪಟ್ಟಿ ಸಾಕು. ಬಸ್ ಹತ್ತಿದೊಡನೆ ಕೈಕೊಡುತ್ತದೆ. ಕಾರಿಗೆ ಇನ್, ಬಸ್ಸಿಗೆ ಆನ್ ಎನ್ನುವುದು ಇಂಗ್ಲಿಷಿನ ರೂಢಿ. ಪಟ್ಟಿ ನಂಬಿದ ಮಗುವಿಗೆ 'ಆನ್ ದಿ ಬಸ್' ಅಂದರೆ ಟಾಪಿನ ಮೇಲೆ ಕೂತಂತೆ.

ಎಲ್ಲಕ್ಕಿಂತ ಹೆಚ್ಚು ತೊಡಕು 'ಇಂದ'ದ್ದು. ವ್ಯಾಕರಣದ ಪಾಠದಲ್ಲಿ ತೃತೀಯಾ ವಿಭಕ್ತಿಗೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದು ಓದುತ್ತೇವೆ; ಆಡುವಾಗ ಎರಡಕ್ಕೂ ಇಂದವೇ. ಒಂದು ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಕೈಯಿಂದ ನೇಯ್ದದ್ದು ಎನ್ನಲು ಬೈ, ರೇಷ್ಮೆಯಿಂದ ಮಾಡಿದ ಸೆರಗಿಗೆ ಆಫ್, ಇಳಕಲ್‌ನಿಂದ ತಂದದ್ದಕ್ಕೆ ಫ್ರಮ್, ಮುಂಜಾನೆಯಿಂದ ನೇಯುತ್ತಿದ್ದಾರೆ ಎಂದರೆ ಸಿನ್ಸ್. (ಅಲ್ಲಿ ಕ್ರಿಯಾಪದವೂ ಬದಲಾಗಬೇಕು, ಅದು ಬೇರೆ ಪಾಠ.) ನಮ್ಮ ಒಂದು ಪ್ರತ್ಯಯ ಹೊತ್ತದ್ದನ್ನು ಅಲ್ಲಿ ನಾಲ್ಕು ಪದ ಹಂಚಿಕೊಂಡಿವೆ. ಇದನ್ನು ಹೇಳದೆ, ಬಿಟ್ಟ ಸ್ಥಳ ತುಂಬಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಬಾದಾಮಿಯ ಒಂದನೇ ಗುಹೆಯ ಮುಂದೆ ಗೈಡ್ ಒಬ್ಬರು ಹದಿನೆಂಟು ಕೈಗಳ ನಟರಾಜನನ್ನು ತೋರಿಸುತ್ತ 'ಆನ್ ಯುವರ್ ರೈಟ್' ಎಂದದ್ದು ನೆನಪಿದೆ. ಪ್ರವಾಸಿಗರ ಬಾಯಿಂದ ಕೇಳಿ ಕಲಿತೆ ಎಂದರು. ಅವರಿಗೆ ಮೂರೂ ಪದ ಸೇರಿ ಒಂದೇ ಮಾತು. ಆನ್ ಅಂದರೆ ಮೇಲೆಯೋ ಪಕ್ಕವೋ ಎಂಬ ಪ್ರಶ್ನೆ ಏಳುವುದೇ ಇಲ್ಲ. ಶಾಲೆಯಲ್ಲೂ ಹೀಗೆ ಇಡೀ ಮಾತನ್ನೇ ಬಾಯಿಗೆ ಹತ್ತಿಸಬೇಕು. ಪಟ್ಟಿಯ ಕೆಲಸ ಮೊದಲ ವಾರಕ್ಕೆ ಮುಗಿಯಲಿ.

ಕೆಲಸಕ್ಕೆ ಕೂತವರನ್ನು 'ಅಟ್ ದಿ ಲೂಮ್' ಎನ್ನುತ್ತಾರೆ ಎಂದು ಹುಡುಗಿಗೆ ಹೇಳಿದೆ. ಮಗ್ಗದ ಕಡೆ ತಿರುಗಿ ನೋಡಿದಳು.

'ಹಂಗಾರ ಕಾಲು ಇನ್ ದಿ ಪಿಟ್, ಹೌದಲ್ರೀ?'