ಅಳತೆ ನಕ್ಷೆಯಲ್ಲಿ ಕಾಣದ ಶಾಸನ

ಕಳೆದ ತಿಂಗಳು ಬಿ.ಆರ್ಕ್ ಓದ್ತಿರೋ ಹುಡುಗಿಯೊಬ್ಬಳು ಕೋಲಾರದ ಕಡೆಯ ಒಂದು ಹಳೇ ದೇಗುಲದ ಅಳತೆ ನಕ್ಷೆಗಳನ್ನು ತಂದು ತೋರಿಸಿದಳು. ಹತ್ತು ಹಾಳೆ, ಅಚ್ಚುಕಟ್ಟಾದ ಕೆಲಸ. ಅಧಿಷ್ಠಾನದ ಜಗತಿ, ಕುಮುದ ಎಲ್ಲವೂ ಮಿಲಿಮೀಟರ್ ಲೆಕ್ಕದಲ್ಲಿವೆ. ಆದರೆ ಕುಮುದದ ಸುತ್ತ ಕೊರೆದಿರುವ ತಮಿಳು ಶಾಸನ ಮಾತ್ರ ಎಲ್ಲೂ ಇಲ್ಲ. ಕೇಳಿದ್ದಕ್ಕೆ, "ಸರ್, ಅದನ್ನ ಕಲ್ಲಿನ ಟೆಕ್ಸ್ಚರ್ ಅಂತ ಬಿಟ್ವಿ" ಅಂದಳು.

ಅವಳನ್ನು ದೂರಿ ಏನು ಬಂತು? ಗೆರೆಯ ಅಂದಕ್ಕೆ ಅಂಕ ಇದೆ, ಅಕ್ಷರಕ್ಕೆ ಇಲ್ಲ. ನಾನು ಸಿವಿಲ್ ಓದಿದಾಗಲೂ ಅಷ್ಟೇ: ಐಎಸ್ 456 ಬಾಯಿಪಾಠ, ಸುಣ್ಣದ ಗಾರೆಗೆ ಅರ್ಧ ಪುಟ.

ನಮ್ಮಲ್ಲಿ ಸಂರಕ್ಷಣೆಯನ್ನೇ ಪೂರ್ತಿಯಾಗಿ ಓದಬೇಕೆಂದರೆ ಹೆಚ್ಚಾಗಿ ಸ್ನಾತಕೋತ್ತರದವರೆಗೆ ಕಾಯಬೇಕು. ಅಮೆರಿಕದಲ್ಲಿ, ವರ್ಜೀನಿಯಾದ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾಲಯದಂಥ ಕಡೆ, ಅದೇ ಪದವಿಯ ವಿಷಯ. ಇಲ್ಲೂ ಬರಲಿ ಅನ್ನೋರಿದ್ದಾರೆ, ನಾನೂ ಅನ್ನುತ್ತೇನೆ. ಆದರೆ ಅಲ್ಲಿನ ಪಠ್ಯಕ್ರಮವನ್ನು ಹಾಗೇ ಎತ್ತಿ ತಂದರೆ ಸಾಲದು. ಅಲ್ಲಿನ ವಿದ್ಯಾರ್ಥಿ ಒಂದು ಮನೆಯ ಚರಿತ್ರೆಗೆ ಕೌಂಟಿ ಕಚೇರಿಯ ಕ್ರಯಪತ್ರ ಹುಡುಕುತ್ತಾನೆ. ನಮ್ಮ ದೇಗುಲದ ಕಡತ ಅದರ ಕಲ್ಲಿನ ಮೇಲೇ ಇರುತ್ತೆ. ಬೇಲೂರಿನ ಗೋಪುರವನ್ನು 1397ರಲ್ಲಿ ಎರಡನೇ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ ಅನ್ನೋದು ನಮಗೆ ಶಾಸನದಿಂದ ಗೊತ್ತು. ಯಾವ ಭಾಗ ಮೂಲದ್ದು, ಯಾವುದು ಆಮೇಲಿನದು ಅನ್ನೋ ಪ್ರಶ್ನೆಯಿಂದಲೇ ಸಂರಕ್ಷಣೆ ಶುರುವಾಗೋದು. ಉತ್ತರ ಕಣ್ಣೆದುರಿಗಿದ್ದರೂ ಅದನ್ನು ಟೆಕ್ಸ್ಚರ್ ಅಂತ ಬಿಡೋದನ್ನ ಕಲಿಸ್ತಿದ್ದೇವೆ.

ಇದರ ಪೆಟ್ಟು ಬೀಳೋದು ದುರಸ್ತಿ ಹೊತ್ತಿಗೆ. ಪೀಠ ಕುಸಿದಿದ್ದರೆ ಕಲ್ಲುಗಳಿಗೆ ನಂಬರ್ ಹಾಕಿ ಬಿಚ್ಚಿ, ನಕ್ಷೆ ನೋಡಿಕೊಂಡು ಮತ್ತೆ ಜೋಡಿಸುತ್ತಾರೆ. ನಕ್ಷೆಯಲ್ಲಿ ಅಕ್ಷರ ಇಲ್ಲದಿದ್ದರೆ, ಒಂದೇ ಉದ್ದದ ಎರಡು ಕಲ್ಲಲ್ಲಿ ಯಾವುದು ಮೊದಲು ಅಂತ ಮೇಸ್ತ್ರಿಗೆ ಹೇಗೆ ಗೊತ್ತಾಗಬೇಕು? ತಲೆಕೆಳಗಾಗಿ ಕೂತ ಶಾಸನದ ಕಲ್ಲುಗಳನ್ನು ನಾನೇ ಎರಡು ಕಡೆ ನೋಡಿದ್ದೇನೆ. ದಾನ ಕೊಟ್ಟವನ ಹೆಸರು ಒಂದು ಗೋಡೆಯಲ್ಲಿ, ಕೊಟ್ಟ ಭೂಮಿ ಇನ್ನೊಂದರಲ್ಲಿ!

ಪದವಿ ಹುಡುಗರೆಲ್ಲ ಹಳೇ ಲಿಪಿ ಓದಬೇಕು ಅಂತ ನಾನು ಹೇಳ್ತಿಲ್ಲ. (ನಾನು ಕಲಿಯೋಕೇ ಹತ್ತು ವರ್ಷ ಹಿಡೀತು, ಈಗಲೂ ತಡವರಿಸ್ತೀನಿ.) ಸಂಜೆ ಟಾರ್ಚನ್ನು ಓರೆಯಾಗಿ ಹಿಡಿದು ಕಲ್ಲು ಕಲ್ಲಿಗೂ ಫೋಟೊ ತೆಗೆದು, ಯಾವ ಸಾಲು ಎಲ್ಲಿಂದ ಎಲ್ಲಿಗೆ ಅಂತ ನಕ್ಷೆಯಲ್ಲಿ ಗುರುತು ಹಾಕಿದರೆ ಸಾಕು. ಅದಕ್ಕೆ ಅಂಕ ಕೊಡಿ, ತಾನಾಗೇ ಮಾಡ್ತಾರೆ.

ಆ ಹುಡುಗಿ ಮೊನ್ನೆ ಮತ್ತೆ ಹೋಗಿ ಬಂದಳು. ಹೊಸ ಹಾಳೆಯಲ್ಲಿ ಸಾಲುಗಳೆಲ್ಲ ಇವೆ. ಇಬ್ಬರೂ ಕೂತು ಜೋಡಿಸಿ ನೋಡಿದೆವು. ಉತ್ತರ ಬದಿಯ ಎರಡು ಕಲ್ಲು ಹಿಂದಿನ ಯಾವುದೋ ದುರಸ್ತಿಯಲ್ಲೇ ಅದಲುಬದಲಾಗಿವೆ.