ಬಳ್ಳಿಯೂ ಬೇರೂ
ಮಲ್ಪೆಯ ಕಡಲದಂಡೆಯ ಮರಳಲ್ಲಿ ಹಬ್ಬುವ ಅಡುಂಬುಬಳ್ಳಿಯನ್ನು ಕಂಡಿರುವಿರಷ್ಟೆ? ಸಸ್ಯಶಾಸ್ತ್ರವು ಅದರ ಸೀಳೆಲೆಯನ್ನು ನೋಡಿ, ಆಡಿನ ಪಾದವೆಂಬರ್ಥದ ‘ಪೆಸ್-ಕ್ಯಾಪ್ರೆ’ ಎಂಬ ಲ್ಯಾಟಿನ್ ನಾಮವನ್ನಿತ್ತಿದೆ. ಹೂವಿನ ಐದು ಕೇಸರಗಳನ್ನೆಣಿಸಿದೆ. ಗೆಣ್ಣುಗೆಣ್ಣಿಗೆ ಬೇರಿಳಿಸಿ ಮರಳನ್ನು ಬಂಧಿಸುವ ಬಗೆಯನ್ನೂ ವಿವರಿಸಿದೆ.

ಶಿಲ್ಪಿಯ ಬಳ್ಳಿಯ ಪರಿಯೇ ಭಿನ್ನ. 12ನೆಯ ಶತಮಾನದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಭಾಗದಲ್ಲಿ, ಆನೆ ಸಿಂಹಗಳ ಸಾಲಿನ ಮೇಲೆ ಹರಿದಿರುವ ಲತಾಪಟ್ಟಿಕೆಗೆ ಜಾತಿಯಿಲ್ಲ, ಬೇರೂ ಇಲ್ಲ. ಸುರುಳಿಯ ಲಯವೇ ಅದರ ಪ್ರಾಣ. ಅದನ್ನು ನಿಸರ್ಗದ ಪಡಿಯಚ್ಚೆಂದು ಹೊಗಳುವವರು ಶಿಲ್ಪಿಗೂ ನಿಸರ್ಗಕ್ಕೂ ಅನ್ಯಾಯವೆಸಗುತ್ತಾರೆ.

ಅದೇ ಶತಮಾನದಲ್ಲಿ ಅಣ್ಣ ಬಸವಣ್ಣನವರು ಜಂಗಮದ ಹಿರಿಮೆಯನ್ನು ತಿಳಿಸಲು ಆರಿಸಿಕೊಂಡುದು ಹೂವನ್ನಲ್ಲ, ಎಲೆಯನ್ನಲ್ಲ. ಕಣ್ಣಿಗೆ ಬೀಳದ ಬೇರನ್ನು, ಮರವು ನೀರುಣ್ಣುವ ಬಾಯನ್ನು. ಕಲ್ಲಿಗೆ ದಕ್ಕದ ಜೀವಕ್ರಿಯೆ ಇಲ್ಲಿ ಮಾತಿಗೆ ದಕ್ಕಿದೆ. ಅನ್ನ ಸಿದ್ಧವಾಗುವುದು ಎಲೆಯಲ್ಲಲ್ಲವೆ ಎಂದು ಸಸ್ಯಶಾಸ್ತ್ರಿ ತಕರಾರು ತೆಗೆದಾನು. ತೆಗೆಯಲಿ, ನೀರನ್ನು ಆತನೂ ಬುಡಕ್ಕೇ ಎರೆಯುತ್ತಾನೆ.